ನನಗೆ ಎರಡು ಮತ, ಅಮ್ಮನಿಗೆ ಒಂದೇ ಯಾಕೆ?

2024ರ ಜೂನ್ 3, ಸೋಮವಾರ. ಬೆಳಿಗ್ಗೆಯೇ ತಯಾರಾಗಿ, ಗುರುತಿನ ಚೀಟಿ ಹಿಡಿದು ಹೊರಟವಳನ್ನು ನೋಡಿ ಅಮ್ಮ ಹೊಲಿಗೆ ಮಷಿನ್ ನಿಲ್ಲಿಸಿದಳು.

‘ಇಷ್ಟು ಬೇಗ ಎಲ್ಲಿಗೇ?’

‘ಓಟು ಹಾಕೋಕೆ.’

‘ಮೊನ್ನೆ ತಾನೇ ಇಬ್ಬರೂ ಹೋಗಿ ಹಾಕಿ ಬಂದ್ವಲ್ಲ. ಮತ್ತೆ ಇದ್ಯಾವ ಓಟು?’

‘ಇದು ಡಿಗ್ರಿ ಮಾಡಿದೋರಿಗೆ ಮಾತ್ರ ಅಮ್ಮ. ಪದವೀಧರರ ಕ್ಷೇತ್ರ. ಎಮ್ಮೆಲ್ಸಿ ಎಲೆಕ್ಷನ್ನು.’

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೂಜಿಗೆ ದಾರ ಪೋಣಿಸುತ್ತಾ, ‘ಹಂಗಾದ್ರೆ ನಿಂಗೆ ಒಂದು ಓಟು ಜಾಸ್ತಿ. ಆದ್ರೆ ಫೀಸು ಕಟ್ಟಿದ್ದು ನಾನಲ್ವೇನೇ?’ ಅಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ತಮಾಷೆಗೇ ಅಂದಿದ್ದು. ನಾನೂ ನಕ್ಕು ಹೊರಟೆ. ಆದರೆ ಆ ಮಾತು ಮಾತ್ರ ಈವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಾವಿರುವುದು ಕೊಡಿಗೇಹಳ್ಳಿಯಲ್ಲಿ. ಅಮ್ಮ ಓದಿರುವುದು ಏಳನೇ ಕ್ಲಾಸಿನವರೆಗೆ. ಬ್ಲೌಸ್ ಹೊಲಿದು, ಸೀರೆಗೆ ಫಾಲ್ಸ್ ಹಚ್ಚಿ ನನ್ನನ್ನು ಬಿ.ಕಾಂ. ಓದಿಸಿದಳು. 2020ರಲ್ಲಿ ಡಿಗ್ರಿ ಮುಗಿಯಿತು. ಅಂದಿನಿಂದ ಅರ್ಧ ದಿನ ಟ್ಯೂಷನ್, ಇನ್ನರ್ಧ ದಿನ ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿ. ಎಫ್‌ಡಿಎ, ಪಿಡಿಒ, ಕೆಎಎಸ್ ಎಂದು ಅರ್ಜಿ ಹಾಕುತ್ತಲೇ ಇದ್ದೇನೆ. ಆ ಡಿಗ್ರಿ ನನಗೆ ಇನ್ನೂ ಕೆಲಸ ಕೊಟ್ಟಿಲ್ಲ. ಒಂದು ಹೆಚ್ಚುವರಿ ಮತವನ್ನು ಮಾತ್ರ ಕೊಟ್ಟಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ವಿಧಾನಸಭೆಯ ಸದಸ್ಯರು ಆರಿಸುತ್ತಾರೆ, 25ನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. 11 ಮಂದಿ ನಾಮಕರಣಗೊಂಡವರು. ಉಳಿದ 14ರಲ್ಲಿ ಏಳು ಶಿಕ್ಷಕರ ಕ್ಷೇತ್ರಗಳು, ಏಳು ಪದವೀಧರರ ಕ್ಷೇತ್ರಗಳು. ಸಂವಿಧಾನದ 171ನೇ ವಿಧಿಯ ಪ್ರಕಾರ ಪದವಿ ಪಡೆದು ಮೂರು ವರ್ಷವಾದವರು ಪದವೀಧರರ ಕ್ಷೇತ್ರದಲ್ಲಿ ಮತ ಹಾಕಬಹುದು. ಬೆಂಗಳೂರು ಪದವೀಧರರ ಕ್ಷೇತ್ರಕ್ಕೆ ನಗರ, ಗ್ರಾಮಾಂತರ ಮತ್ತು ರಾಮನಗರ ಸೇರುತ್ತವೆ. ಇದಕ್ಕೆ ಬೇರೆಯೇ ಮತದಾರರ ಪಟ್ಟಿ. ಪ್ರತಿ ಸಲವೂ ನಮೂನೆ 18 ತುಂಬಿ, ಪದವಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಹೊಸದಾಗಿ ಹೆಸರು ಸೇರಿಸಬೇಕು. ಮತಗಟ್ಟೆಯಲ್ಲಿ ಯಂತ್ರ ಇರುವುದಿಲ್ಲ. ಮತಪತ್ರದ ಮೇಲೆ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು.

ಅಂದರೆ ರಾಜ್ಯದ ಶಾಸಕಾಂಗಕ್ಕೆ ಅಮ್ಮನಿಂದ ಒಂದು ಮತ, ನನ್ನಿಂದ ಎರಡು.

ಒಂದು ಅಂಕದ ಪ್ರಶ್ನೆಯ ಹಿಂದೆ

ಪರೀಕ್ಷೆಗೆ ಓದುವವರೆಲ್ಲ ಬಾಯಿಪಾಠ ಮಾಡಿರುವ ಎರಡು ಸಾಲುಗಳಿವೆ. ಮೈಸೂರು ಪ್ರಜಾಪ್ರತಿನಿಧಿ ಸಭೆ: 1881, ದಿವಾನ್ ರಂಗಾಚಾರ್ಲು. ನ್ಯಾಯ ವಿಧಾಯಕ ಸಭೆ: 1907, ದಿವಾನ್ ವಿ.ಪಿ. ಮಾಧವರಾವ್. ನಾನೂ ಎಷ್ಟೋ ಸಲ ಇವಕ್ಕೆ ಟಿಕ್ ಹಾಕಿದ್ದೇನೆ. ಆದರೆ ಆ ಸಭೆಗಳಿಗೆ ಯಾರು ಮತ ಹಾಕುತ್ತಿದ್ದರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಮ್ಮನ ಮಾತಿನ ನಂತರ ಹುಡುಕಿ ಓದಿದೆ.

1881ರ ಮಾರ್ಚ್‌ನಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮತ್ತೆ ಒಡೆಯರ ಮನೆತನಕ್ಕೆ ಒಪ್ಪಿಸಿದರು. ಅದೇ ವರ್ಷ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಬಂದಿದ್ದವರು 144 ಮಂದಿ. ಅವರು ಚುನಾಯಿತರಲ್ಲ. ಪ್ರತಿ ತಾಲ್ಲೂಕಿನ ಪ್ರಮುಖ ಬೇಸಾಯಗಾರರು, ಜಿಲ್ಲೆಯ ದೊಡ್ಡ ವರ್ತಕರನ್ನು ಆರಿಸಿ ಕಳಿಸಲಾಗಿತ್ತು. ಅವರಿಗೆ ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ದಸರೆಯ ಹೊತ್ತಿಗೆ ಸೇರಿ, ದಿವಾನರ ವರದಿ ಕೇಳಿ, ತಮ್ಮ ಅಹವಾಲು ಹೇಳಿಕೊಳ್ಳಬಹುದಿತ್ತು. ಹಾಗಿದ್ದರೂ, ಒಂದು ದೇಶೀಯ ಸಂಸ್ಥಾನದಲ್ಲಿ ಅಷ್ಟು ಹಿಂದೆಯೇ ಇಂಥ ಸಭೆ ಕೂಡಿದ್ದು ಸಣ್ಣ ಸಂಗತಿಯಲ್ಲ.

ಸದಸ್ಯರನ್ನು ಚುನಾಯಿಸುವ ಪದ್ಧತಿ ಬಂದದ್ದು ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರ ಹೊತ್ತಿಗೆ. ಆಗ ಮತ ಯಾರಿಗೆ? ನಿಗದಿತ ಮೊತ್ತಕ್ಕಿಂತ ಹೆಚ್ಚು ಭೂಕಂದಾಯ ಕಟ್ಟುವವರಿಗೆ, ಕಸುಬು–ವ್ಯಾಪಾರದ ಮೇಲಿನ ಮೊಹತರ್ಫಾ ತೆರಿಗೆಯನ್ನು ನಿಗದಿತ ಪ್ರಮಾಣದಲ್ಲಿ ಕೊಡುವವರಿಗೆ. ಇವರ ಜೊತೆಗೆ ಇನ್ನೊಂದು ಗುಂಪು ಪದವೀಧರರದು.

ಓದುತ್ತಿದ್ದವಳು ಅಲ್ಲಿ ನಿಂತೆ. ಪದವಿಗೆ ಮತ ಕೊಡುವ ಲೆಕ್ಕಾಚಾರ ನೂರಮೂವತ್ತು ವರ್ಷಗಳಷ್ಟು ಹಳೆಯದು! ಆ ಕಾಲದಲ್ಲಿ ಕೊಡಿಗೇಹಳ್ಳಿ ಬೆಂಗಳೂರಿನಿಂದ ದೂರದ ಹಳ್ಳಿ. ಕೂಲಿ ಮಾಡುವವರು, ಸಣ್ಣ ಹಿಡುವಳಿಯ ರೈತರು, ಹೆಂಗಸರು ಯಾರೂ ಆ ಪಟ್ಟಿಗೆ ಬರುವ ಹಾಗಿರಲಿಲ್ಲ. 1923ರ ಸುಧಾರಣೆಗಳಲ್ಲಿ ಅರ್ಹತೆ ಸಡಿಲವಾಯಿತು. ಹೆಣ್ಣು ಎಂಬ ಕಾರಣಕ್ಕೇ ಪ್ರಜಾಪ್ರತಿನಿಧಿ ಸಭೆಯ ಮತ ತಪ್ಪಿಸುವ ನಿಯಮವೂ ಹೋಯಿತು. ಆದರೆ ಆಸ್ತಿ, ತೆರಿಗೆ, ಓದು ಎಂಬ ಬಾಗಿಲುಗಳು ಹಾಗೆಯೇ ಉಳಿದವು. ಬ್ರಿಟಿಷ್ ಪ್ರಾಂತ್ಯಗಳ ಕಥೆಯೂ ಹೆಚ್ಚು ಬೇರೆಯಲ್ಲ. 1935ರ ಕಾಯ್ದೆಯಡಿ ಮತ ಸಿಕ್ಕಿದ್ದು ಸುಮಾರು 3 ಕೋಟಿ ಜನರಿಗೆ.

ಆಫ್ರಿಕಾದಲ್ಲೂ ಇದೇ ತಕ್ಕಡಿ

ಇದು ಮೈಸೂರಿನ ಬುದ್ಧಿ ಮಾತ್ರ ಅಲ್ಲ, ವಸಾಹತುಗಳ ಕಾಲದ ಬುದ್ಧಿ. ಕೀನ್ಯಾವನ್ನೇ ನೋಡಿ. ಅಲ್ಲಿನ ಶಾಸನ ಪರಿಷತ್ತಿಗೆ ಬಿಳಿಯ ವಲಸಿಗರು 1920ರಿಂದಲೇ ತಮ್ಮ ಪ್ರತಿನಿಧಿಗಳನ್ನು ಆರಿಸುತ್ತಿದ್ದರು. ಆ ನೆಲದ ಆಫ್ರಿಕನ್ನರು ತಮ್ಮ ಸದಸ್ಯರನ್ನು ಮೊದಲ ಸಲ ಚುನಾಯಿಸಿದ್ದು 1957ರ ಮಾರ್ಚ್‌ನಲ್ಲಿ, ಅದೂ ಎಂಟೇ ಸ್ಥಾನಗಳಿಗೆ. ಆ ಚುನಾವಣೆಯಲ್ಲಿ ಓದು, ಆದಾಯ, ಆಸ್ತಿ, ದೀರ್ಘ ಸೇವೆ ಮುಂತಾದ ಅರ್ಹತೆಗಳನ್ನು ಲೆಕ್ಕ ಹಾಕಿ ಒಬ್ಬ ಮತದಾರನಿಗೆ ಒಂದು, ಎರಡು ಅಥವಾ ಮೂರು ಮತಗಳನ್ನು ಕೊಟ್ಟರು. ಹೆಚ್ಚು ಓದಿದವನ ಮತಕ್ಕೆ ಹೆಚ್ಚು ತೂಕ. ಯಾವ ಅರ್ಹತೆಯೂ ಇಲ್ಲದವನಿಗೆ ಮತವೇ ಇಲ್ಲ. ನೈರೋಬಿಯಿಂದ ಗೆದ್ದ ಕಾರ್ಮಿಕ ನಾಯಕ ಟಾಮ್ ಎಂಬೋಯಾ ಮತ್ತು ಇತರ ಆಫ್ರಿಕನ್ ಸದಸ್ಯರು ಸಭೆಯೊಳಗೆ ಕಾಲಿಟ್ಟ ಮೇಲೂ ಈ ಏರ್ಪಾಡಿನ ವಿರುದ್ಧವೇ ಹೋರಾಡಿದರು.

ಸುಡಾನ್‌ನ ಕಥೆಯಲ್ಲಿ ನಮ್ಮ ದೇಶದ ಪಾತ್ರವೂ ಇದೆ. ಬ್ರಿಟನ್ ಮತ್ತು ಈಜಿಪ್ಟ್ ಜಂಟಿಯಾಗಿ ಆಳುತ್ತಿದ್ದ ಆ ನಾಡಿನ ಮೊದಲ ಸಂಸತ್ ಚುನಾವಣೆ ನಡೆದದ್ದು 1953ರ ಕೊನೆಯಲ್ಲಿ. ಅದನ್ನು ನಡೆಸಿಕೊಟ್ಟ ಆಯೋಗದ ಅಧ್ಯಕ್ಷರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೆನ್. ಭಾರತದ ಮೊದಲ ಮಹಾಚುನಾವಣೆಯನ್ನು ಮುಗಿಸಿದ ಕೈಯೇ ಅಲ್ಲಿಗೂ ಬೇಕಾಯಿತು. ಆದರೆ ಅಲ್ಲಿನ ನಿಯಮಗಳು ಬೇರೆ. ಕೆಳಮನೆಯ 97 ಸ್ಥಾನಗಳಲ್ಲಿ ಐದು ಓದಿದವರಿಗೆಂದೇ ಮೀಸಲಾದ ‘ಪದವೀಧರರ ಕ್ಷೇತ್ರ’ದವು. ಸಾಮಾನ್ಯ ಕ್ಷೇತ್ರಗಳಲ್ಲಿ ಹೆಂಗಸರಿಗೆ ಮತ ಇರಲಿಲ್ಲ. ಪ್ರೌಢಶಿಕ್ಷಣ ಮುಗಿಸಿದ ಬೆರಳೆಣಿಕೆಯ ಹೆಂಗಸರು ಮಾತ್ರ ಈ ಪದವೀಧರರ ಕ್ಷೇತ್ರದಲ್ಲಿ ಮತ ಹಾಕಬಹುದಿತ್ತು. ನನ್ನ ಅಮ್ಮ ಅಲ್ಲಿದ್ದಿದ್ದರೆ? ಮತಗಟ್ಟೆಯ ಬಾಗಿಲೇ ಕಾಣುತ್ತಿರಲಿಲ್ಲ.

ಇನ್ನು ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾ. 1951ರ ಫೆಬ್ರುವರಿಯಲ್ಲಿ ಅಲ್ಲಿ ಶಾಸನಸಭೆಗೆ ಚುನಾವಣೆ ನಡೆದಾಗ ಕ್ವಾಮೆ ಎನ್‌ಕ್ರುಮಾ ಜೈಲಿನಲ್ಲಿದ್ದರು. ಜೈಲಿನಿಂದಲೇ ನಿಂತು ಭಾರಿ ಬಹುಮತದಿಂದ ಗೆದ್ದರು. ಕೆಲವೇ ದಿನಗಳಲ್ಲಿ ಗವರ್ನರ್ ಅವರನ್ನು ಬಿಡುಗಡೆ ಮಾಡಿ ಸರ್ಕಾರ ನಡೆಸಲು ಕರೆಯಬೇಕಾಯಿತು. ಜೈಲಿಗೆ ಹೋಗಿ ಬಂದ ಅವರ ಪಕ್ಷದವರು ‘ಪಿ.ಜಿ.’ ಎಂದು ಬರೆದ ಟೋಪಿ ಹಾಕಿಕೊಂಡು ಓಡಾಡುತ್ತಿದ್ದರಂತೆ. ಪಿ.ಜಿ. ಎಂದರೆ ಪ್ರಿಸನ್ ಗ್ರ್ಯಾಜುಯೇಟ್, ಜೈಲಿನ ಪದವೀಧರ! ಓದಿದವರಿಗಷ್ಟೇ ಆಳುವ ಯೋಗ್ಯತೆ ಎನ್ನುವವರಿಗೆ ಇದಕ್ಕಿಂತ ಚಂದದ ಉತ್ತರ ನನಗೆ ಕಂಡಿಲ್ಲ.

ನಮ್ಮ ಹಳಿಯ ಮೇಲೇ ಇರುವ ಪಾಠ

ಉತ್ತರ ಹುಡುಕಲು ಘಾನಾದವರೆಗೆ ಹೋಗಬೇಕಾಗಿಯೂ ಇಲ್ಲ. ಕೊಡಿಗೇಹಳ್ಳಿ ರೈಲು ನಿಲ್ದಾಣದ ಮೂಲಕ ಹಿಂದೂಪುರದ ಕಡೆಗೆ ಹೋಗುವ ಹಳಿ ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ವಿದುರಾಶ್ವತ್ಥದ ಬಳಿ ಹಾದು ಹೋಗುತ್ತದೆ. ನಾಗರಕಲ್ಲುಗಳ ಆ ಕ್ಷೇತ್ರಕ್ಕೆ ಚಿಕ್ಕಂದಿನಲ್ಲಿ ಅಮ್ಮನ ಜೊತೆ ಹೋಗಿದ್ದೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಬಿಟ್ಟರು. ಅದೇ ತಿಂಗಳು ಮದ್ದೂರಿನ ಬಳಿಯ ಶಿವಪುರದಲ್ಲೂ ಧ್ವಜ ಸತ್ಯಾಗ್ರಹ ನಡೆದಿತ್ತು. ಆ ಚಳವಳಿ ಕೇಳಿದ್ದು ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಹೇಳುವ ಸರ್ಕಾರ. ಕೊನೆಗೆ 1947ರ ‘ಮೈಸೂರು ಚಲೋ’ ಚಳವಳಿಯ ನಂತರ, ಆ ವರ್ಷದ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು.

ವಿದುರಾಶ್ವತ್ಥದಲ್ಲಿ ಸೇರಿದ್ದವರು ಸುತ್ತಮುತ್ತಲ ಹಳ್ಳಿಯ ಜನ. ಗುಂಡಿನ ಎದುರು ನಿಂತಾಗ ಅವರನ್ನು ‘ಎಷ್ಟು ಓದಿದ್ದೀರಿ?’ ಎಂದು ಯಾರೂ ಕೇಳಲಿಲ್ಲ. ಮತ ಕೊಡುವಾಗ ಮಾತ್ರ ಆ ಪ್ರಶ್ನೆ ಯಾಕೆ?

ಸ್ವತಂತ್ರ ಭಾರತ ಇದಕ್ಕೆ ಧೈರ್ಯವಾಗಿ ಉತ್ತರಿಸಿತು. 1951–52ರ ಮೊದಲ ಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬಾರದವರಿಗೆ ಮತ ಬೇಡ ಎನ್ನುವ ಬದಲು, ಅಕ್ಷರ ಬಾರದವರೂ ಮತ ಹಾಕುವಂತೆ ಚಿಹ್ನೆಗಳನ್ನು ತಂದರು, ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟರು. ತಪ್ಪುಗಳೂ ಆದವು. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ತಮ್ಮ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಆದರೂ ತತ್ವ ಮಾತ್ರ ಸ್ಪಷ್ಟವಾಗಿತ್ತು: ಒಬ್ಬರಿಗೆ ಒಂದು ಮತ, ಒಂದು ಮತಕ್ಕೆ ಒಂದೇ ಬೆಲೆ.

ಹಾಗಿದ್ದೂ ಮೇಲ್ಮನೆಯ ಒಂದು ಮೂಲೆಯಲ್ಲಿ ಹಳೆಯ ತಕ್ಕಡಿಯನ್ನು ಉಳಿಸಿಕೊಂಡೆವು. ವಿಚಿತ್ರ ನೋಡಿ, ನಮಗೆ ಇದನ್ನು ಕಲಿಸಿದ ಬ್ರಿಟನ್ನೇ ತನ್ನ ವಿಶ್ವವಿದ್ಯಾಲಯ ಕ್ಷೇತ್ರಗಳನ್ನೂ ಪದವೀಧರರ ಎರಡನೇ ಮತವನ್ನೂ 1948ರ ಕಾಯ್ದೆಯಿಂದ ಕೈಬಿಟ್ಟಿತು. 1950ರ ನಮ್ಮ ಸಂವಿಧಾನದಲ್ಲಿ ಅದು ಉಳಿಯಿತು.

ಗೆಳೆಯರ ವಾದ, ನನ್ನ ಉತ್ತರ

ಈ ವಿಷಯವನ್ನು ಓದುವ ಗೆಳೆಯರ ಗುಂಪಿನಲ್ಲಿ ಎತ್ತಿದಾಗ ನನ್ನನ್ನು ಎಲ್ಲರೂ ಒಪ್ಪಲಿಲ್ಲ. ಒಬ್ಬ ಗೆಳೆಯ, ‘ಪರಿಷತ್ತು ಚಿಂತಕರ ಚಾವಡಿ. ಅಲ್ಲಿಗೆ ಓದಿದವರನ್ನು ಕಳಿಸಲು ಓದಿದವರೇ ಆರಿಸಲಿ’ ಅಂದ. ಕೇಳಲು ಸರಿ ಅನ್ನಿಸುತ್ತದೆ. ಆದರೆ 1972ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಪದವೀಧರರ ಕ್ಷೇತ್ರದಿಂದ ಸ್ಪರ್ಧಿಸುವವರು ಪದವೀಧರರೇ ಆಗಿರಬೇಕಿಲ್ಲ ಎಂದು ತೀರ್ಪು ಕೊಟ್ಟಿದೆ. ಅಂದರೆ ಗೆದ್ದು ಒಳಗೆ ಕೂರುವವರಿಗೆ ಡಿಗ್ರಿ ಬೇಕಿಲ್ಲ, ಹೊರಗೆ ನಿಂತು ಮತ ಹಾಕುವವರಿಗೆ ಮಾತ್ರ ಬೇಕು! ಚಿಂತಕರ ಚಾವಡಿಯ ವಾದ ಇಲ್ಲಿಗೆ ನಿಲ್ಲುವುದಿಲ್ಲ.

ಇನ್ನೊಬ್ಬಳ ವಾದ ಇದಕ್ಕಿಂತ ಗಟ್ಟಿ. ‘ನಿರುದ್ಯೋಗಿ ಪದವೀಧರರ ಮಾತು ಕೇಳೋರು ಯಾರೇ? ನೇಮಕಾತಿ ತಡ, ಪರೀಕ್ಷೆ ಮುಂದಕ್ಕೆ, ಅತಿಥಿ ಉಪನ್ಯಾಸಕರ ಗೋಳು. ಇದನ್ನೆಲ್ಲ ಕೇಳೋಕೆ ನಮಗೇ ಅಂತ ಏಳು ಜನ ಇದ್ದಾರೆ. ಅದನ್ನೂ ಕಳ್ಕೋಬೇಕಾ?’ ಅವಳ ನೋವು ನನ್ನದೂ ಹೌದು. ಕೆಲಸವಿಲ್ಲದ ವರ್ಷಗಳು ಹೇಗಿರುತ್ತವೆ ಎಂದು ನನಗೆ ಗೊತ್ತು. ಆದರೆ ಐಟಿಐ ಮುಗಿಸಿ ಕೆಲಸ ಹುಡುಕುವ ಹುಡುಗನಿಗೆ, ಪಿಯುಸಿ ಫೇಲಾಗಿ ಡೆಲಿವರಿ ಮಾಡುವವನಿಗೆ, ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕನಿಗೆ ಪ್ರತ್ಯೇಕ ಕ್ಷೇತ್ರ ಎಲ್ಲಿದೆ? ಮೂರು ವರ್ಷದ ನಿಯಮದಿಂದಾಗಿ ಈಗಷ್ಟೇ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರೂ ಈ ಪಟ್ಟಿಯಲ್ಲಿಲ್ಲ. ಕಷ್ಟ ಇದ್ದವರಿಗೆ ಪ್ರತಿನಿಧಿ ಬೇಕು ಎನ್ನುವುದು ನ್ಯಾಯ. ಸರ್ಟಿಫಿಕೇಟ್ ಇದ್ದವರ ಕಷ್ಟಕ್ಕೆ ಮಾತ್ರ ಬೇಕು ಎನ್ನುವುದು ನ್ಯಾಯವಲ್ಲ.

ಮೂರನೆಯವ ನಕ್ಕು, ‘ಅದರಿಂದ ಸರ್ಕಾರ ಬೀಳೋದಿಲ್ಲ, ಏಳೋದಿಲ್ಲ. ಬಿಡು’ ಅಂದ. ಹೌದು, ಪರಿಷತ್ತಿನ ಬಲದಿಂದ ಸರ್ಕಾರಗಳು ನಿಲ್ಲುವುದಿಲ್ಲ. ಆದರೆ ಮತದ ವಿಷಯದಲ್ಲಿ ಚಿಕ್ಕದು ದೊಡ್ಡದು ಎಂಬುದಿಲ್ಲ. ‘ನಿನ್ನ ತಾಯಿಗಿಂತ ನಿನ್ನ ಅಭಿಪ್ರಾಯಕ್ಕೆ ಬೆಲೆ ಜಾಸ್ತಿ’ ಎಂದು ಸರ್ಕಾರವೇ ಹೇಳಿದರೆ, ಅದು ಒಂದೇ ಒಂದು ಸಲವಾದರೂ ತಪ್ಪು.

ಎಲ್ಲರ ಮತ ಎಲ್ಲಿ ಹೋಯಿತು?

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಅಮ್ಮನೂ ನಾನೂ ಸರಿಸಮವಾಗಿ ನಿಲ್ಲುವ, ನಮ್ಮ ಬೀದಿಗೆ ಅತಿ ಹತ್ತಿರದ ಚುನಾವಣೆ ಎಂದರೆ ವಾರ್ಡ್‌ನದು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆಗ ನಾನು ಮೊದಲ ಪಿಯುಸಿ. 2020ರ ಸೆಪ್ಟೆಂಬರ್‌ನಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳು ಉರುಳಿದವು. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ನಗರಕ್ಕೆ ಐದು ಪಾಲಿಕೆಗಳಾದವು. ಹದಿನೆಂಟು ತುಂಬಿ ಇಷ್ಟು ವರ್ಷ ಕಳೆದು, ಡಿಗ್ರಿಯ ಮತವನ್ನೂ ಹಾಕಿ ಬಂದ ನಾನು, ಈ ಸಾಲು ಬರೆಯುವವರೆಗೆ ವಾರ್ಡ್ ಸದಸ್ಯರಿಗೆ ಒಮ್ಮೆಯೂ ಮತ ಹಾಕಿಲ್ಲ.

ಮಳೆ ಬಂದಾಗ ಅಂಡರ್‌ಪಾಸ್‌ನಲ್ಲಿ ನಿಲ್ಲುವ ನೀರು, ಖಾಲಿ ಸೈಟಿನಲ್ಲಿ ಬೀಳುವ ಕಸ, ಉರಿಯದ ಬೀದಿದೀಪ. ಇವು ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಯಾವ ಮೋರಿ ಯಾವಾಗ ಕಟ್ಟಿಕೊಳ್ಳುತ್ತದೆ ಎಂದು ಹೇಳಲು ಯಾವ ವಿಶ್ವವಿದ್ಯಾಲಯದ ಪದವಿಯೂ ಬೇಡ. ಅಂಥವಳ ಮತಕ್ಕೆ ವರ್ಷಗಟ್ಟಲೆ ರಜೆ. ನನ್ನ ವಿಶೇಷ ಮತಕ್ಕೆ ಮಾತ್ರ ಕಾಲಕಾಲಕ್ಕೆ ಕರೆ, ಮೊಬೈಲಿಗೆ ‘ಗೌರವಾನ್ವಿತ ಪದವೀಧರ ಮತದಾರರೇ’ ಎಂಬ ಸಂದೇಶ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಾಚಿಕೆಯಾಗುತ್ತದೆ.

ನನ್ನ ನಿಲುವು ಇಷ್ಟು. ಪದವೀಧರರ ಕ್ಷೇತ್ರಗಳನ್ನು ತೆಗೆದು, ಆ ಸ್ಥಾನಗಳನ್ನು ಎಲ್ಲ ಮತದಾರರಿಗೆ ಅಥವಾ ಎಲ್ಲರೂ ಆರಿಸಿದ ಸಂಸ್ಥೆಗಳಿಗೆ ಕೊಡಬೇಕು. ಇದಕ್ಕೆ 171ನೇ ವಿಧಿಯ ಏರ್ಪಾಡು ಬದಲಾಗಬೇಕು, ಅದು ಸಂಸತ್ತಿನ ಕೆಲಸ. ನಾಳೆಯೇ ಆಗುವುದಿಲ್ಲ ಎಂದು ಗೊತ್ತು. ಅಲ್ಲಿಯವರೆಗೆ ನಾವು ಪದವೀಧರರು ಮಾಡಬಹುದಾದ ಕೆಲಸ ಒಂದಿದೆ. ಮುಂದಿನ ಸಲ ನಮೂನೆ 18 ಹಿಡಿದು ಬರುವವರನ್ನು, ಮತ ಕೇಳಿ ಫೋನ್ ಮಾಡುವವರನ್ನು ನಮ್ಮ ನೇಮಕಾತಿಯ ಬಗ್ಗೆ ಕೇಳೋಣ, ಖಂಡಿತ ಕೇಳೋಣ. ಅದರ ಜೊತೆಗೆ ಮತ ಇಲ್ಲದವರ ಪರವಾಗಿಯೂ ಒಂದು ಪ್ರಶ್ನೆ ಕೇಳೋಣ: ಸ್ಥಳೀಯ ಚುನಾವಣೆ ಸಕಾಲಕ್ಕೆ ನಡೆಯುವಂತೆ ಸದನದಲ್ಲಿ ನೀವೇನು ಮಾತಾಡಿದಿರಿ?

ಮುಂದಿನ ಪದವೀಧರರ ಚುನಾವಣೆಯಲ್ಲೂ ನಾನು ಮತ ಹಾಕುತ್ತೇನೆ. ಹಾಕದೆ ಕೂತರೆ ಅಮ್ಮನಿಗೇನೂ ಸಿಗುವುದಿಲ್ಲ. ಆದರೆ ಈ ಸಲ ಹೋಗುವ ಮೊದಲು ಅಭ್ಯರ್ಥಿಗಳ ಪಟ್ಟಿಯನ್ನು ಅಮ್ಮನ ಮುಂದಿಟ್ಟು, ‘ಯಾರಿಗೆ ಹಾಕಲಿ ಹೇಳು’ ಎಂದು ಕೇಳುತ್ತೇನೆ. ಫೀಸು ಕಟ್ಟಿದವಳು ಅವಳೇ ತಾನೇ.